ಮೊಣಕಾಲು ಕೊಟ್ಟ ತಂತಿ

ಮಹಾಲಿಂಗನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುಳ್ಳು ಯಾಕೆ ಹೇಳಲಿ.

ಅವನು ನನ್ನ ಹೆಂಡತಿ ತಿಪ್ಪವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಇಂಡಿ ತಾಲೂಕಿನ ನಮ್ಮ ಕೇರಿಯಿಂದ ಅವನನ್ನು ಪುಣೆಗೆ ಕರೆತಂದವನು ನಾನು. ಯೆರವಡಾದ ಗುಡ್ಡದ ಮೇಲಿನ ನಮ್ಮ ತಗಡಿನ ಮನೆಯಲ್ಲಿ ಮಲಗಲು ಜಾಗ ಕೊಟ್ಟವನು ನಾನು. ನನ್ನ ಸೊಂಟದ ಪಟ್ಟಿಯನ್ನೇ ಬಿಚ್ಚಿ ಅವನ ಸೊಂಟಕ್ಕೆ ಬಿಗಿದು, ಕರೆಂಟಿನ ಟವರು ಹತ್ತಿಸಿ, ಕೆಳಗೆ ನೋಡಬೇಡ ಎಂದು ಹೇಳಿಕೊಟ್ಟವನೂ ನಾನೇ. ಮೊದಲ ದಿನ ಅರ್ಧ ಟವರು ಹತ್ತುವಷ್ಟರಲ್ಲಿ ಅವನು ಪ್ಯಾಂಟಿನಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ಹೇಳಿದ್ದಕ್ಕೆ ಸ್ವಲ್ಪ ಹಗುರಾಯಿತು ಕೂಡ.

ಅಂಥವನಿಗೆ 2009ರಲ್ಲಿ ಬಿಳಿ ಹೆಲ್ಮೆಟ್ ಬಂತು.

ಲೈನಿನ ಕೆಲಸ ಮಾಡದವರಿಗೆ ಇದು ತಿಳಿಯುವುದಿಲ್ಲ. ಹಳದಿ ಹೆಲ್ಮೆಟ್ಟಿನವರು ಹತ್ತುವವರು, ಎಳೆಯುವವರು, ಹೊರುವವರು. ಬಿಳಿಯವರು ಕೆಳಗೆ ನಿಂತು ಕತ್ತೆತ್ತಿ ನೋಡುವವರು. ಬಿಳಿಯವನಿಗೆ ಜೀಪಿನೊಳಗೆ ಸೀಟು. ಹಳದಿಯವನು ಟೆಂಪೋದ ಹಿಂದೆ ಹಗ್ಗದ ಸಿಂಬಿಯ ಮೇಲೆ ಕೂರಬೇಕು. ಬಿಳಿಯವನಿಗೆ ಗಾಜಿನ ಗ್ಲಾಸಿನಲ್ಲಿ ಚಹಾ. ನಮಗೆ ಪ್ಲಾಸ್ಟಿಕ್ ಕಪ್ಪು, ಕುಡಿದ ಮೇಲೆ ಅದನ್ನು ದೂರ ಹೋಗಿ ಎಸೆಯಬೇಕು. ನಮ್ಮ ಗುತ್ತಿಗೆದಾರ ರಾಮಲಿಂಗಪ್ಪ ಬೆಳಗಾವಿ ಕಡೆಯ ವ್ಯಾಪಾರಸ್ಥರ ಮನೆತನದವನು. ಮರಾಠಿ ಇಂಜಿನಿಯರುಗಳ ಎದುರು ನಮ್ಮ ಹೆಗಲ ಮೇಲೆ ಕೈ ಇಟ್ಟ ಹಾಗೆ ಮಾಡಿ, ನಾವೆಲ್ಲ ಒಂದೇ ಭಾಷೆಯವರು ಅನ್ನುತ್ತಿದ್ದ. ಕೈ ಹೆಗಲಿಗೆ ತಾಗುತ್ತಿರಲಿಲ್ಲ. ಅವನ ನೀರಿನ ಜಾರನ್ನು ನಮ್ಮ ಕೇರಿಯವರು ಯಾರಾದರೂ ಮುಟ್ಟಿದರೆ ಅಷ್ಟೂ ನೀರು ನೆಲಕ್ಕೆ ಹೋಗುತ್ತಿತ್ತು.

ಪುಣೆಯಿಂದ ಶಿರೂರಿನ ಕಡೆ ಹೋಗುವ ರಸ್ತೆಯ ಆಚೀಚೆ ಒಂದು ಹಳೆಯ ದೊಡ್ಡ ಲೈನು ಇತ್ತು. ಟವರುಗಳನ್ನು ಹಾಗೇ ಬಿಟ್ಟು ತಂತಿ ಮಾತ್ರ ಬದಲಾಯಿಸುವ ಕೆಲಸ. ಹಳೆಯ ತಂತಿಯ ಹೊಟ್ಟೆಯೊಳಗೆ ಉಕ್ಕು ಇರುತ್ತಿತ್ತು, ಸುತ್ತ ಅಲ್ಯುಮಿನಿಯಂ ಎಳೆಗಳು. ಹೊಸದರ ಹೊಟ್ಟೆಯೊಳಗೆ ಉಕ್ಕಿಲ್ಲ. ಕಾರ್ಬನ್ನು, ಗಾಜಿನ ನೂಲು ಎಲ್ಲ ಸೇರಿಸಿ ಒತ್ತಿ ಮಾಡಿದ, ಬೆರಳು ಗಾತ್ರದ ಒಂದು ಕರಿ ಕಡ್ಡಿ. ಇಂಜಿನಿಯರುಗಳು ಅದಕ್ಕೆ ಕಾಂಪೊಸಿಟ್ ಕೋರ್ ಅನ್ನುತ್ತಿದ್ದರು. ನಾವು ಕರಿಕಡ್ಡಿ ಅನ್ನುತ್ತಿದ್ದೆವು. ಬಿಸಿಲಿಗೆ ಜೋಲುವುದಿಲ್ಲ, ಎರಡು ಪಟ್ಟು ಕರೆಂಟು ಹೊರುತ್ತದೆ, ಹಿಂಜವಾಡಿಯ ಗಾಜಿನ ಕಟ್ಟಡಗಳಲ್ಲಿ ಇನ್ನು ಕರೆಂಟು ಹೋಗುವುದೇ ಇಲ್ಲ ಎಂದು ಹೇಳುತ್ತಿದ್ದರು. ನಮ್ಮ ಗುಡ್ಡದ ಮೇಲೆ ದಿನಕ್ಕೆ ಆರು ತಾಸು ಕತ್ತಲೆ, ಅದರ ಮಾತು ಯಾರೂ ಆಡಲಿಲ್ಲ.

ಕರಿಕಡ್ಡಿಗೆ ಒಂದೇ ಕೆಟ್ಟ ಗುಣ. ಒಂದೇ ಕಡೆ ಒತ್ತಿ ಬಾಗಿಸಿದರೆ ತಡೆಯುವುದಿಲ್ಲ. ಉಕ್ಕಾದರೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇದು ಒಳಗೇ ಸೀಳುತ್ತದೆ. ಮೇಲಿನ ಅಲ್ಯುಮಿನಿಯಂ ಅದನ್ನು ಮುಚ್ಚಿಕೊಂಡು ಹೊಸದರ ಹಾಗೇ ಹೊಳೆಯುತ್ತಿರುತ್ತದೆ. ಆದ್ದರಿಂದ ತಂತಿ ಕಟ್ಟಿದ ಮೇಲೆ ಮೊಳ ಮೊಳ ಮುಟ್ಟಿ ನೋಡಬೇಕು, ಪ್ರತಿ ಟವರಿಗೆ ಒಂದು ಹಾಳೆ ತುಂಬಬೇಕು, ಹಾಗೆ ತುಂಬುವವನು ತರಬೇತಿ ಆದವನೇ ಇರಬೇಕು ಎಂದು ಕಂಪನಿಯ ಕಟ್ಟಳೆ.

ತರಬೇತಿ ಹಿಂಜವಾಡಿಯ ಒಂದು ದೊಡ್ಡ ಹೋಟೆಲಿನಲ್ಲಿ, ಮೂರು ದಿನ. ನಮ್ಮ ಗ್ಯಾಂಗಿನಿಂದ ಒಬ್ಬನನ್ನು ಒಯ್ಯುತ್ತಾರೆ ಎಂದು ಸುದ್ದಿಯಾಯಿತು. ಹದಿನೇಳು ವರ್ಷ ತಂತಿಯ ಮೇಲೆ ಕೂತವನು ಗ್ಯಾಂಗಿನಲ್ಲಿ ನಾನೊಬ್ಬನೇ. ನಾನೇ ಅಂದುಕೊಂಡೆ. ತಿಪ್ಪವ್ವ ತಂಬಿಗೆಯಲ್ಲಿ ಕೆಂಡ ಹಾಕಿ ನನ್ನ ಅಂಗಿಗೆ ಇಸ್ತ್ರಿ ಮಾಡಿದಳು. ಬೆಳಿಗ್ಗೆ ಜೀಪು ಬಂತು. ಹತ್ತಿಸಿಕೊಂಡದ್ದು ಮಹಾಲಿಂಗನನ್ನು. ಅವನು ಐಟಿಐ ಓದಿದ್ದ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ. ಇಸ್ತ್ರಿ ಅಂಗಿ ಹಾಕಿಕೊಂಡು ಗಟಾರದ ಪಕ್ಕ ನಿಂತ ನನ್ನನ್ನು ರಾಮಲಿಂಗಪ್ಪ ಮೇಲಿಂದ ಕೆಳಗೆ ನೋಡಿದ.

“ಹೋಟೆಲಿನ್ಯಾಗ ನಿಂದೇನ್ ಕೆಲಸಲೇ ಹೊಳಬಸ್ಯಾ? ನಿನ್ನ ಕೆಲಸ ಅಲ್ಲಿ ಅದ” ಎಂದು ಬೆರಳನ್ನು ಆಕಾಶಕ್ಕೆ ತೋರಿಸಿದ.

ನಾನು ನಕ್ಕೆ. ಯಾರಾದರೂ ಮುಖಕ್ಕೆ ಹೊಡೆದಂತೆ ಮಾತಾಡಿದರೆ ನಗುವ ಚಟ ನನಗಿತ್ತು. ನಮ್ಮಪ್ಪನಿಗೂ ಇತ್ತು.

ಮಹಾಲಿಂಗ ಮೂರು ದಿನ ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಸರ್ಟಿಫಿಕೇಟು ಹಿಡಿದುಕೊಂಡು ಬಂದ. ತಿಪ್ಪವ್ವ ಅದನ್ನು ಬಾಬಾಸಾಹೇಬರ ಫೋಟೋದ ಪಕ್ಕಕ್ಕೆ ಮೊಳೆ ಹೊಡೆದು ತೂಗುಹಾಕಿದಳು. ನಾಲ್ಕನೇ ಇಯತ್ತೆ ಓದುವ ನನ್ನ ಮಗಳು ರೇಣು ಅದರ ಮುಂದೆ ನಿಂತು ಮಾಮಾನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಜೋರಾಗಿ ಓದಿದಳು. ನನ್ನ ಹೆಸರು ಹೀಗೆ ಯಾವ ಗೋಡೆಯ ಮೇಲೂ ಇರಲಿಲ್ಲ. ಅಂದಿನಿಂದ ನನ್ನ ತಾಟಿಗಿಂತ ಮೊದಲು ಅವನ ತಾಟಿಗೆ ಬಿಸಿ ರೊಟ್ಟಿ ಬೀಳತೊಡಗಿತು. ಅದು ನಿಜವೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ, ಈಗ ಹೇಳಲಾರೆ. ಆಗ ಮಾತ್ರ ಒಂದೊಂದು ರೊಟ್ಟಿಯನ್ನೂ ಕಣ್ಣಿಟ್ಟು ನೋಡುತ್ತಿದ್ದೆ. ಅವನು ಬಿಳಿ ಹೆಲ್ಮೆಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಮೂಲೆಗೆ ಇಡುತ್ತಿದ್ದ. ಒರೆಸುವುದನ್ನು ನೋಡಿದರೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಈಗ ಮೊಣಕಾಲಿನ ಮಾತು ಹೇಳಬೇಕು.

ತಂತಿಯನ್ನು ಟವರಿನವರೆಗೆ ಎಳೆದು ತಂದ ಮೇಲೆ ಅದರ ತುದಿಯನ್ನು ಹಿಡಿಕೆಯ ಕೊಳವೆಯೊಳಗೆ ತೂರಿಸಬೇಕು. ತುದಿ ಹಟ ಮಾಡುತ್ತದೆ, ಒಂದು ಕಡೆ ತಿರುಚಿಕೊಳ್ಳುತ್ತದೆ. ಅದಕ್ಕೆ ನಮ್ಮವರದೊಂದು ರೀತಿ. ಮೇಲೆ ಕೂತವನು ತಂತಿಯನ್ನು ಮೊಣಕಾಲಿನ ಕೆಳಗೆ ಹಾಕಿ ಮೈಭಾರ ಬಿಟ್ಟು ಒಮ್ಮೆ ಒತ್ತುತ್ತಾನೆ. ತಂತಿ ಬಾಗಿ ಹೇಳಿದ ಮಾತು ಕೇಳುತ್ತದೆ. ಇದಕ್ಕೆ ಮೊಣಕಾಲು ಕೊಡುವುದು ಅನ್ನುತ್ತೇವೆ. ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಕೆಲಸ ಕಲಿಸಿದ ಮುದುಕ ತನಿಯಪ್ಪ ಹೇಳಿಕೊಟ್ಟದ್ದು, ನಾನು ಮಹಾಲಿಂಗನಿಗೆ ಹೇಳಿಕೊಟ್ಟದ್ದು. ನನ್ನ ಬಲಗಾಲಿನ ಮೊಣಕಾಲು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಚರ್ಮ ಇಲ್ಲ, ಬರೀ ಕರಿ ಜಡ್ಡು.

ನಲವತ್ತೊಂದನೇ ಟವರು ಶಿರೂರು ರಸ್ತೆಗೆ ತಗುಲಿಕೊಂಡೇ ಇತ್ತು. ಅಲ್ಲಿಂದ ತಂತಿ ರಸ್ತೆ ದಾಟುತ್ತದೆ. ಮೇಲಿಂದ ಏನಾದರೂ ಬಿದ್ದರೆ ತಡೆಯಲಿ ಎಂದು ರಸ್ತೆಯ ಮೇಲೆ ಬಿದಿರಿನ ಅಟ್ಟ ಕಟ್ಟಿದ್ದೆವು. ನಾನು ಮೇಲಿದ್ದೆ. ಕೆಳಗೆ ಹೆಂಗಸರು ಹಗ್ಗ ಎಳೆಯುತ್ತಿದ್ದರು, ತಿಪ್ಪವ್ವನೂ ಅವರಲ್ಲಿದ್ದಳು. ಕಂಪನಿಯ ಇಂಜಿನಿಯರ್ ಸ್ವಪ್ನಿಲ್ ಜೀಪಿಗೆ ಒರಗಿ ನಿಂತಿದ್ದ. ನಾನು ತುದಿ ಹಿಡಿದದ್ದೇ ತಡ, ಮಹಾಲಿಂಗ ಕೆಳಗಿಂದ ಕೂಗಿದ.

“ಭಾವಾ, ಮಣಕಾಲ ಕೊಡಬ್ಯಾಡ. ಇದು ಹಳೇ ತಂತಿ ಅಲ್ಲ, ಒಳಗಿನ ಕಡ್ಡಿ ಸೀಳತದ.”

ಇಡೀ ಗ್ಯಾಂಗು ಕತ್ತೆತ್ತಿ ನನ್ನನ್ನು ನೋಡಿತು. ಸ್ವಪ್ನಿಲ್ ಕೂಡ ಫೋನು ಬಿಟ್ಟು ನೋಡಿದ. ಪ್ಯಾಂಟು ಒದ್ದೆ ಮಾಡಿಕೊಂಡವನು ನನಗೆ ಕೆಲಸ ಹೇಳಿಕೊಡುತ್ತಿದ್ದಾನೆ, ಅದೂ ನನ್ನ ಹೆಂಡತಿಯ ಎದುರಿಗೆ. ನನ್ನ ಕಿವಿ ಬಿಸಿಯಾದವು. ಕೆಳಗಿನವರಿಗೆ ಕಾಣದಂತೆ ಬೆನ್ನು ತಿರುಗಿಸಿದೆ. ಮೊಣಕಾಲು ಕೊಟ್ಟೆ. ಒಂದಲ್ಲ, ಎರಡು ಸಲ ಕೊಟ್ಟೆ. ಮೊದಲನೆಯದು ತಂತಿಗೆ. ಎರಡನೆಯದು ಅವನಿಗೆ.

ಎರಡನೇ ಸಲ ಒಳಗೆ ಚಿಟ್ಟೆಂದಿತು. ಕೆಳಗಿನವರಿಗೆ ಕೇಳುವಂಥ ಸಪ್ಪಳವಲ್ಲ. ನನ್ನ ಎಲುಬಿಗೆ ಕೇಳಿತು. ಕೊಟ್ಟೆಯೇನು ಎಂದು ಮಹಾಲಿಂಗ ಕೆಳಗಿಂದ ಕೇಳಿದ. ಇಲ್ಲ ಎಂದೆ. ತುದಿ ಕೊಳವೆಯೊಳಗೆ ತೂರಿಸಿ, ಬಿಗಿದು, ಇಳಿದು ಬಂದು ಬೀಡಿ ಹಚ್ಚಿದೆ.

ಮೂರು ವಾರದ ಮೇಲೆ ಪರಿಶೀಲನೆ ಶುರುವಾಯಿತು. ಪರಿಶೀಲನೆ ಅಂದರೆ ಹೀಗೆ. ತಂತಿಯ ಮೇಲೆ ಎರಡು ಗಾಲಿ, ಕೆಳಗೆ ಜೋತುಬಿದ್ದ ಒಂದು ಹಲಗೆ. ಇದಕ್ಕೆ ಗಾಡಿ ಅನ್ನುತ್ತೇವೆ. ಹಲಗೆಯ ಮೇಲೆ ನಾನು. ಎಡಗೈಯಿಂದ ಗಾಡಿ ಎಳೆದುಕೊಳ್ಳಬೇಕು, ಬಲಗೈ ತಂತಿಯ ಮೇಲೆ ಜಾರುತ್ತಿರಬೇಕು. ಗವಸು ಹಾಕಿಕೊಂಡರೆ ಕೈಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಬರಿಗೈ. ಏಪ್ರಿಲ್ ಬಿಸಿಲಿಗೆ ತಂತಿ ಕಾದ ಹೆಂಚಾಗಿರುತ್ತದೆ. ಎರಡನೇ ದಿನಕ್ಕೆ ಅಂಗೈ ಸುಲಿಯಿತು. ಹಲಗೆಯ ಅಂಚಿಗೆ ತೊಡೆ ಸತ್ತುಹೋಗುತ್ತಿದ್ದವು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಕೆಳಗಿಂದ ನೀರು ಬರುವುದು ತಡ, ಉಚ್ಚೆ ಹೊಯ್ಯುವುದಕ್ಕೆ ಇಳಿಯುವಂತಿಲ್ಲ, ಅದಕ್ಕೆ ಕುಡಿಯುವುದನ್ನೇ ಬಿಟ್ಟಿದ್ದೆ. ಎಲ್ಲಿ ಎಳೆ ತರಚಿದೆ, ಎಲ್ಲಿ ಉಬ್ಬಿದೆ ಎಂದು ನಾನು ಮೇಲಿಂದ ಕೂಗಬೇಕು. ಮಹಾಲಿಂಗ ಕೆಳಗೆ ಹೊಲದ ಬದುವಿನ ಮೇಲೆ ನಡೆಯುತ್ತ ಬರೆದುಕೊಳ್ಳಬೇಕು.

ಒಮ್ಮೆ ಆ ಹಾಳೆ ತೋರಿಸೆಂದೆ. ಇದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಕೇಳಿದೆ. ಪರಿಶೀಲಿಸಿದವರು ಎಂದು ಅವನು ಓದಿ ಹೇಳಿದ ಗೆರೆಯ ಮುಂದೆ ಅವನದೇ ಹೆಸರಿತ್ತು, ಗುಂಡು ಗುಂಡು ಅಕ್ಷರದಲ್ಲಿ. ಸರ್ಟಿಫಿಕೇಟು ಇದ್ದವರ ಹೆಸರು ಮಾತ್ರ ಬರೆಯಬೇಕಂತೆ ಎಂದು ಅವನು ತಲೆ ತಗ್ಗಿಸಿ ಹೇಳಿದ. ನಾನು ಅದನ್ನು ಸೊಕ್ಕು ಅಂದುಕೊಂಡೆ. ಕೈ ನನ್ನದು, ಕಣ್ಣು ನನ್ನದು, ಸುಲಿದ ಚರ್ಮ ನನ್ನದು. ಹೆಸರು ಅವನದು. ನಲವತ್ತು ಟವರು, ನಲವತ್ತು ಹಾಳೆ.

ನಲವತ್ತೊಂದನೆಯದರ ಹತ್ತಿರ ಬಂದಾಗ ಮಧ್ಯಾಹ್ನವಾಗಿತ್ತು. ಹಿಡಿಕೆಯಿಂದ ಒಂದು ಮೊಳ ಈಚೆಗೆ ನನ್ನ ಅಂಗೈ ತಾನಾಗಿ ನಿಂತಿತು. ಎರಡು ಎಳೆಗಳು ಒಂದರ ಪಕ್ಕ ಒಂದು ಕೂತಿರಲಿಲ್ಲ. ಕೂದಲಷ್ಟು ಎದ್ದಿದ್ದವು. ಕಣ್ಣಿಗೆ ಕಾಣುವುದಿಲ್ಲ. ನಟ್ಟು ಬಿಗಿಯುವ ಪಾನಾದಿಂದ ಮೆಲ್ಲಗೆ ಬಡಿದೆ. ಬೇರೆಡೆ ಠಣ್ಣೆನ್ನುವ ತಂತಿ ಇಲ್ಲಿ ಮಣ್ಣು ಬಡಿದ ಸದ್ದು ಕೊಟ್ಟಿತು. ಒಳಗೆ ಕರಿಕಡ್ಡಿ ಸೀಳಿತ್ತು. ಅರ್ಧ ಸೀಳಿ ಅರ್ಧ ಹಿಡಿದುಕೊಂಡು ನಿಂತಿದೆ. ಕರೆಂಟು ಹರಿದು, ಭಾರ ಬಿದ್ದು, ಒಂದು ದಿನ ಗಾಳಿ ಬೀಸಿದರೆ ಹೋಯಿತು. ಕೆಳಗೆ ಶಿರೂರಿನ ಕೆಂಪು ಬಸ್ಸೊಂದು ಹೋಯಿತು. ಕಿಟಕಿಯಲ್ಲಿ ಯಾರೋ ಕೈ ಹೊರಗಿಟ್ಟಿದ್ದರು.

ಹೇಗಿದೆ ಎಂದು ಮಹಾಲಿಂಗ ಕೂಗಿದ. ನಾನು ಕೆಳಗೆ ನೋಡಿದೆ. ಬಿಳಿ ಹೆಲ್ಮೆಟ್ ಕಂಡಿತು. ಕೈಯಲ್ಲಿ ಹಾಳೆ ಕಂಡಿತು. ಆಗ ಆ ವಿಚಾರ ಬಂತು. ಇದು ಬಿದ್ದರೆ ಕೇಳುವುದು ಮೊಣಕಾಲು ಯಾರದು ಎಂದಲ್ಲ. ಹಾಳೆಯ ಮೇಲೆ ಹೆಸರು ಯಾರದು ಎಂದು.

“ಸರಿ ಅದ. ಬರಕೋ” ಎಂದೆ.

ಅವನು ಬರೆದುಕೊಂಡ.

ಅವತ್ತು ಸಂಜೆ ನಾಲ್ಕು ರೊಟ್ಟಿ ತಿಂದೆ. ಅವನ ತಾಟಿನ ಕಡೆ ನೋಡಲೂ ಇಲ್ಲ. ತಿಪ್ಪವ್ವ, ಏನು ಇವತ್ತು ಭಾಳ ಖುಷಿಯಾಗಿದ್ದೀರಿ ಎಂದು ಕೇಳಿದಳು. ಎರಡು ದಿನ ನಾನು ಅದೇ ಖುಷಿಯಲ್ಲಿದ್ದೆ. ಪೊಲೀಸ್ ಜೀಪು ಗುಡ್ಡ ಹತ್ತಿ ಬರುವುದನ್ನು ಮನಸ್ಸಿನಲ್ಲೇ ಕಂಡೆ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಅವರು ಮೊಳೆಯ ಸಮೇತ ಕಿತ್ತುಕೊಂಡು ಹೋಗುವುದನ್ನು ಕಂಡೆ. ತಿಪ್ಪವ್ವ ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ, ದೊಡ್ಡ ಮನುಷ್ಯನ ಹಾಗೆ. ಬಸ್ಸಿನ ಮಾತು ಮನಸ್ಸಿಗೆ ಬಂದಾಗ, ಹೊಲದಲ್ಲೇ ಬೀಳುತ್ತದೆ ಬಿಡು ಎಂದು ನಾನೇ ತೀರ್ಮಾನಿಸಿದೆ. ಇಷ್ಟು ಕೆಟ್ಟವನು ನಾನು. ಬರೆದಿಟ್ಟುಕೊಳ್ಳಿ.

ಶುಕ್ರವಾರ ಲೈನಿಗೆ ಕರೆಂಟು ಬಿಡುವುದಿತ್ತು. ಮುಂಬೈಯಿಂದ ದೊಡ್ಡವರು ಬರುವವರಿದ್ದರು. ಬುಧವಾರ ಮಧ್ಯಾಹ್ನ ಬಿದಿರಿನ ಅಟ್ಟದ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ. ಮಹಾಲಿಂಗ ಜೀಪಿನ ಕಡೆ ಹೋಗದೆ ನನ್ನ ಪಕ್ಕ ಬಂದು ಕೂತ. ಸಾಹೇಬರ ಪಂಕ್ತಿ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಎಂದು ಚುಚ್ಚಿದೆ. ಅವನು ಬುತ್ತಿಯ ರೊಟ್ಟಿ ಮುರಿದ.

“ಭಾವಾ, ಆ ಹೋಟೆಲಿನ್ಯಾಗ ನನಗ ಕುರ್ಚಿನ ಇರಲಿಲ್ಲ” ಎಂದ.

ಆಮೇಲೆ ಎಲ್ಲ ಹೇಳಿದ. ಅವನನ್ನು ಒಯ್ದದ್ದು ಕಲಿಯುವುದಕ್ಕಲ್ಲ, ಸಾಮಾನು ಹೊರುವುದಕ್ಕೆ. ತುಂಡು ಮಾಡಿದ ತಂತಿ, ಹಿಡಿಕೆಗಳು, ಕಬ್ಬಿಣದ ಪೆಟ್ಟಿಗೆ. ಹೋಟೆಲಿನ ಹಿಂಬಾಗಿಲಿನಿಂದ, ಕಸ ಒಯ್ಯುವ ಲಿಫ್ಟಿನಲ್ಲಿ, ಮೂರು ದಿನ ಮೇಲೆ ಕೆಳಗೆ ಹೊತ್ತ. ಉಳಿದ ಹೊತ್ತು ಗೋಡೆಗೆ ನಿಂತಿದ್ದ. ಊಟಕ್ಕೆ ಹೊರಗೆ ಹೋಗಿ ಡ್ರೈವರುಗಳ ಜೊತೆ ಕೂತು ಅಕ್ಕ ಕಟ್ಟಿದ ಬುತ್ತಿ ತಿಂದ. ಕರಿಕಡ್ಡಿ ಹೇಗೆ ಸೀಳುತ್ತದೆ ಎಂದು ತೋರಿಸಲು ಬಾಗಿಸಿ ಬಾಗಿಸಿ ಮುರಿಯುತ್ತಿದ್ದರಂತೆ. ಅದರ ಇನ್ನೊಂದು ತುದಿ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುವವನು ಇವನು. ಚೂರು ಸಿಡಿದು ಅಂಗೈಗೆ ಚುಚ್ಚಿದರೂ ಬಿಡುವಂತಿಲ್ಲ. ನಮ್ಮ ಗುತ್ತಿಗೆಯ ಪರವಾಗಿ ಕುರ್ಚಿಯಲ್ಲಿ ಕೂರಬೇಕಾದವನು ರಾಮಲಿಂಗಪ್ಪನ ಅಣ್ಣನ ಮಗ. ಅವನು ಮೂರೂ ದಿನ ಬರಲೇ ಇಲ್ಲ. ಕೊನೆಗೆ ಒಂದು ಸರ್ಟಿಫಿಕೇಟು ಖಾಲಿ ಉಳಿಯಿತು. ಅದರ ಮೇಲೆ ಇವನ ಹೆಸರು ಬರೆದರು. ಮುಂದಿನ ಸಲ ಭಾವನನ್ನೂ ಕಳಿಸಿರಿ, ತಂತಿ ಮುಟ್ಟುವವನು ಅವನೇ ಎಂದು ಇವನು ರಾಮಲಿಂಗಪ್ಪನನ್ನು ಕೇಳಿದ್ದನಂತೆ. ಒಬ್ಬನನ್ನು ಒಳಗೆ ಬಿಟ್ಟದ್ದೇ ಹೆಚ್ಚಾಯಿತು, ಇನ್ನು ಇಡೀ ಕೇರಿಯನ್ನೇ ಹೋಟೆಲಿಗೆ ನುಗ್ಗಿಸಲೇನು ಎಂದು ಅವನು ನಕ್ಕನಂತೆ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಕ್ಕ ಗ್ವಾಡಿಗಿ ಹಾಕಿದ್ಲು. ರೇಣು ಓದಿದ್ಲು. ಹ್ಯಾಂಗ ಹೇಳಲಿ?”

ಗೋಡೆಗೆ ನಿಂತವನೊಬ್ಬನ ಮೇಲೆ ನಾನು ಇಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದೆ. ಒಂದು ನಿಜ ಹೇಳುತ್ತೇನೆ. ಆಗಲೂ ಆ ಕಿಚ್ಚು ಆರಲಿಲ್ಲ. ಇವನಿಗೆ ನಿಲ್ಲುವುದಕ್ಕಾದರೂ ಒಂದು ಗೋಡೆ ಸಿಕ್ಕಿತ್ತು, ನನಗೆ ಅದೂ ಇಲ್ಲ ಎಂದೇ ಮೊದಲು ಅನಿಸಿತು. ಅದರ ಹಿಂದೆಯೇ ಸಿಟ್ಟು ಬಂತು. ತಂತಿಯನ್ನು ಮೈಯಿಂದ ಹಿಡಿದು, ಎಳೆದು, ಬಾಗಿಸುವವರು ನಾವು. ಅದು ಬಾಗಬಾರದು ಎಂದು ಹೇಳಿಕೊಟ್ಟದ್ದು ಕುರ್ಚಿಗಳಿಗೆ.

ಅಷ್ಟರಲ್ಲಿ ರಾಮಲಿಂಗಪ್ಪ ಬಂದ. ಎಲ್ಲ ಹಾಳೆಯೂ ಸರಿ ಇವೆ, ಇನ್ನು ಅಟ್ಟ ಬಿಚ್ಚಿರಿ ಎಂದ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಎದ್ದರು. ಬಿದಿರು ಬಿಚ್ಚುವುದು, ಹೊರುವುದು ಅವರ ಪಾಲಿನ ಕೆಲಸ. ತಿಪ್ಪವ್ವ ಮೊದಲ ಬಿದಿರಿಗೆ ಕಾಲಿಟ್ಟಿದ್ದಳು. ಆಕೆಯ ತಲೆಯ ಮೇಲೆ ನೇರಕ್ಕೆ ನಲವತ್ತೊಂದರ ತಂತಿ. ಆ ಅಟ್ಟ ಹೋದರೆ ರಸ್ತೆಗೂ ತಂತಿಗೂ ನಡುವೆ ಏನೂ ಇಲ್ಲ.

“ಬಿಚ್ಚಬ್ಯಾಡ್ರಿ” ಎಂದೆ.

ರಾಮಲಿಂಗಪ್ಪ ನನ್ನ ಕಡೆ ತಿರುಗಿದ.

“ನಲವತ್ತೊಂದು ಒಳಗ ಸೀಳ್ಯದ. ಯಾರೂ ಮ್ಯಾಲ ಹತ್ತೂದಿಲ್ಲ, ಅಟ್ಟ ಬಿಚ್ಚೂದಿಲ್ಲ.”

ಹಾಳೆಯಲ್ಲಿ ಸರಿ ಇದೆ ಎಂದು ಬರೆದಿದೆಯಲ್ಲ ಎಂದ. ಹಾಳೆ ಸುಳ್ಳು ಎಂದೆ. ಅವನು ಹತ್ತಿರ ಬಂದು, ನನಗೆ ತಾಗದಷ್ಟು ದೂರದಲ್ಲಿ ನಿಂತು, ಜಾತಿ ಹಿಡಿದು ಬೈದ. ನಿಮ್ಮನ್ನು ಊರಿಂದ ತಂದು ಅನ್ನ ಹಾಕಿದ್ದಕ್ಕೆ ಇದೇ ಏನು ಎಂದ. ನಗು ಬರಲಿಲ್ಲ ನನಗೆ. ಮೊದಲ ಸಲ ಬರಲಿಲ್ಲ. ಹೋಗಿ ಅಟ್ಟದ ಬುಡದಲ್ಲಿ, ಹಗ್ಗದ ಗಂಟಿನ ಮೇಲೆ ಬೆನ್ನು ಕೊಟ್ಟು ಕೂತೆ. ಬಿಚ್ಚಬೇಕಾದರೆ ನನ್ನನ್ನು ಎಳೆಯಬೇಕು. ಎಳೆಯಬೇಕಾದರೆ ಮುಟ್ಟಬೇಕು. ತಿಪ್ಪವ್ವ ಬಿದಿರಿನಿಂದ ಇಳಿದಳು. ಒಂದು ಮಾತೂ ಕೇಳದೆ ಬಂದು ನನ್ನ ಪಕ್ಕ ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೂತರು.

ಮಹಾಲಿಂಗ ಬಿಳಿ ಹೆಲ್ಮೆಟ್ ತೆಗೆದು ಜೀಪಿನ ಮೇಲಿಟ್ಟ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಲವತ್ತೊಂದನ್ನು ಹತ್ತಿದ. ಚೆನ್ನಾಗಿ ಹತ್ತುತ್ತಾನೆ, ನಾನು ಕಲಿಸಿದ್ದು. ಮೇಲೆ ಹೋಗಿ ಅಂಗೈ ಇಟ್ಟ. ಒಂದೇ ಸಲ ಇಟ್ಟ. ಹದಿನೇಳು ವರ್ಷ ದುಡಿದು ನನಗೆ ಬಂದ ಕೈಗುಣ ಅವನಿಗೆ ಆರು ವರ್ಷದ ದುಡಿಮೆಗೇ ಬಂದಿತ್ತು. ಅದಕ್ಕೂ ನನ್ನ ಹೊಟ್ಟೆಯಲ್ಲಿ ಚುರ್ ಎಂದಿತು. ಸೀಳಿದೆ ಎಂದು ಮೇಲಿಂದಲೇ ಕೂಗಿ ಹೇಳಿದ.

ಇಳಿದು ಬಂದವನು ನೇರ ನನ್ನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ. ಎಲ್ಲರೂ ಕೇಳುವಂತಿದ್ದರೂ ದನಿ ಬಹಳ ಸಣ್ಣದಿತ್ತು.

“ಮಣಕಾಲ ಕೊಟ್ಟಿದ್ದೇನ ಭಾವಾ?”

“ಎರಡ ಸಲ.”

“ಮುಟ್ಟಿದಾಗ ಗೊತ್ತಾಗಿತ್ತು?”

“ಗೊತ್ತಾಗಿತ್ತು.”

“ಹಾಳಿ ಮ್ಯಾಲ ನನ್ನ ಹೆಸರಿತ್ತಲ್ಲ.”

“ಅದಕ್ಕ” ಎಂದೆ.

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ತಿಪ್ಪವ್ವ ನನ್ನ ಪಕ್ಕದಿಂದ ಒಂದು ಗೇಣು ಆಚೆಗೆ ಸರಿದಳು. ಎದ್ದು ಮಾತ್ರ ಹೋಗಲಿಲ್ಲ.

ಮರುದಿನ ತಂತಿ ಇಳಿಸಿದರು. ಸ್ವಪ್ನಿಲ್ ಎದುರಿಗೇ ಕತ್ತರಿಸಿ ಎಳೆಗಳನ್ನು ಬಿಡಿಸಿದೆವು. ಕರಿಕಡ್ಡಿ ಅರ್ಧಕ್ಕಿಂತ ಹೆಚ್ಚು ಸೀಳಿ ಒಳಗೆ ಬೆಳ್ಳಗೆ ನಾರು ಎದ್ದಿತ್ತು. ಸ್ವಪ್ನಿಲ್ ಮುಖದ ಬಣ್ಣ ಹೋಯಿತು. ಒಮ್ಮೆ ರಸ್ತೆ ನೋಡಿದ, ಒಮ್ಮೆ ಕಡ್ಡಿ ನೋಡಿದ. ಹತ್ತು ನಿಮಿಷದ ಮೇಲೆ ಬಣ್ಣ ಮತ್ತೆ ಬಂತು. ಸುದ್ದಿ ಕೇಳಿ ಒಂದು ದಿನ ಮೊದಲೇ ಹೊರಟ ಮುಂಬೈಯವರ ಕಾರು ಚಾಕಣದ ಆಚೆಯೋ ಈಚೆಯೋ ಇದೆ, ಅವರು ಬರುವಷ್ಟರಲ್ಲಿ ಕಾಗದ ಆಗಬೇಕು ಎಂದು ಅವಸರ ಮಾಡಿದ. ಮರಾಠಿಯಲ್ಲಿ ಹೇಳುತ್ತ ಹೋದ, ಮಹಾಲಿಂಗ ಬರೆಯಬೇಕು. ಕಾರ್ಮಿಕ ಹೊಳಬಸಪ್ಪನ ನಿಷ್ಕಾಳಜಿಯಿಂದ ತಂತಿ ಮುರಿದಿದೆ. ಕಂಪನಿಯ ತರಬೇತಿಯಾದ ಪರಿಶೀಲಕ ಮಹಾಲಿಂಗ ಅದನ್ನು ಪತ್ತೆಹಚ್ಚಿದ್ದಾರೆ. ಕೆಳಗೆ ಕಾರ್ಮಿಕನ ಸಹಿ.

ಮಹಾಲಿಂಗ ಬರೆದದ್ದನ್ನು ಕನ್ನಡದಲ್ಲಿ ನನಗೆ ಹೇಳಿದ. ಪೆನ್ನು ಮುಂದೆ ಬಂತು. ನಾನು ಕೈ ಹಿಂದೆ ಕಟ್ಟಿಕೊಂಡೆ.

“ಮುರದವ ನಾನ. ಹೌದು. ಅದು ಸಿಕ್ಕಿದ್ದೂ ನನ್ನ ಕೈಗೆ. ಎರಡೂ ಬರೀರಿ. ಒಂದ ಬರದ್ರ ಸಹಿ ಇಲ್ಲ.”

ರಾಮಲಿಂಗಪ್ಪ ಸ್ವಪ್ನಿಲನಿಗೆ ಮರಾಠಿಯಲ್ಲಿ ತಿಳಿಸಿ, ನನ್ನ ಕಡೆ ತಿರುಗಿ, ಪೊಲೀಸರಿಗೆ ಕೊಡುತ್ತೇನೆ ಎಂದ. ಕೊಡಿರಿ ಎಂದೆ. ಇನ್ನು ಪುಣೆಯಲ್ಲಿ ನೀನು ಯಾವ ಲೈನಿನ ಮೇಲೂ ಕಾಲಿಡಲಾರೆ ಎಂದ. ಅದು ಗೊತ್ತಿತ್ತು. ಹಾಗೇ ಆಯಿತು ಕೂಡ, ನಾನು ಈಗ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತೇನೆ. ಮುರಿದವನು ಅನ್ನುವಾಗ ಮಾತ್ರ ನನ್ನ ಹೆಸರು ನೆನಪಾಗುತ್ತದೆಯೇ ನಿಮಗೆ ಎಂದು ಅವರಿಬ್ಬರನ್ನೂ ಕೇಳಿದೆ. ನಲವತ್ತು ಟವರಿನ ತಂತಿಯನ್ನು ಮೊಳ ಮೊಳ ಮುಟ್ಟಿದಾಗ ಯಾಕೆ ನೆನಪಾಗಲಿಲ್ಲ ಎಂದೆ. ಈ ತಂತಿಗೆ ಮೊಣಕಾಲು ಕೊಡಬಾರದು ಎಂದು ಮೊಣಕಾಲು ಇದ್ದವರಿಗೆ ಯಾಕೆ ಕಲಿಸಲಿಲ್ಲ ಎಂದೆ. ಸ್ವಪ್ನಿಲ್ ಗಡಿಯಾರ ನೋಡಿಕೊಂಡ. ಫಾರ್ಮಿನಲ್ಲಿ ಒಬ್ಬನ ಹೆಸರನ್ನು ಒಂದೇ ಗೆರೆಯ ಮೇಲೆ ಬರೆಯಬೇಕು ಎಂದ.

ಮಹಾಲಿಂಗ ಹೊಸ ಹಾಳೆ ತೆಗೆದ. ತೊಡೆಯ ಮೇಲಿಟ್ಟುಕೊಂಡು ಬರೆದ. ಸ್ವಪ್ನಿಲ್ ಓದಿ, ಹರಿದು ಎಸೆದ. ಮಹಾಲಿಂಗ ಇನ್ನೊಂದು ತೆಗೆದ, ಮತ್ತೆ ಬರೆದ. ಅದನ್ನೂ ಹರಿದ. ನಿನಗೆ ತಲೆ ಕೆಟ್ಟಿದೆಯೇನು, ನಿನ್ನ ಕೆಲಸವೂ ಹೋಗುತ್ತದೆ ಎಂದು ರಾಮಲಿಂಗಪ್ಪ ಕಿವಿಯಲ್ಲಿ ಹೇಳಿದ. ಮಹಾಲಿಂಗ ಅವನ ಮುಖ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮೂರನೇ ಹಾಳೆ ತೆಗೆದ. ಅದೇ ಗುಂಡು ಅಕ್ಷರ, ಅವಸರವಿಲ್ಲದೆ. ಅಂಥ ಅಕ್ಷರ ನನಗೆ ಏಳು ಜನ್ಮಕ್ಕೂ ಬರುವುದಿಲ್ಲ.

ರಸ್ತೆಯ ತುದಿಯಲ್ಲಿ ಕಾರುಗಳ ಧೂಳು ಕಂಡಿತು. ಸ್ವಪ್ನಿಲ್ ಮೂರನೆಯದನ್ನು ಹರಿಯಲಿಲ್ಲ. ಬೇಗ ಮುಗಿಸು ಎಂದು ಹಿಂದಿಯಲ್ಲಿ ಗದರಿಸಿ ಅಂಗಿ ಸರಿಮಾಡಿಕೊಂಡ.

ಮಹಾಲಿಂಗ ಹಾಳೆಯನ್ನು ನನ್ನ ಮುಂದೆ ಹಿಡಿದು ಎರಡು ಕಡೆ ಬೆರಳಿಟ್ಟು ತೋರಿಸಿದ. ಇಲ್ಲಿ, ಮುರಿದವನು. ಇಲ್ಲಿ, ಪತ್ತೆಹಚ್ಚಿದವನು. ಎರಡರ ಮುಂದೆಯೂ ಒಂದೇ ಹೆಸರು. ಕೆಳಗೆ ಒಂದು ಸಹಿ ಮಾಡಿದರೆ ಸಾಕು ಎಂದು ಸ್ವಪ್ನಿಲ್ ಹೇಳಿದ.

ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಸುಲಿದ ಅಂಗೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡೆ. ಕಾರುಗಳು ಬಂದು ನಿಂತವು, ಬಾಗಿಲು ತೆರೆದವು. ನಾನು ಅವಸರ ಮಾಡಲಿಲ್ಲ. ಮುರಿದವನ ಮುಂದೆ ಒಂದು ಸಹಿ ಮಾಡಿದೆ. ಪತ್ತೆಹಚ್ಚಿದವನ ಮುಂದೆ ಒಂದು ಸಹಿ ಮಾಡಿದೆ.